ಅಲ್ಮಾಸಳ ಕೆಂಪು ಗಾಜು

ಅಲ್ಮಾಸಳಿಗೆ ಈಜು ಬಾರದು. ಮೊಣಕಾಲು ಮುಳುಗುವಷ್ಟು ನೀರಿನಿಂದ ಆಚೆಗೆ ಅವಳು ಕಾಲಿಟ್ಟದ್ದಿಲ್ಲ. ಆದರೂ ಸುರಪುರದ ಸುತ್ತಮುತ್ತ ಕೃಷ್ಣೆಯ ತಳವನ್ನು ಬಲ್ಲವರು ಯಾರು ಎಂದು ಕೇಳಿದರೆ ಜನ ಎರಡೇ ಹೆಸರು ಹೇಳುತ್ತಾರೆ. ಒಂದು ಮುಳುಗುವ ಹಣಮಂತ್ರಾಯನದು, ಇನ್ನೊಂದು ದಂಡೆಯ ಮೇಲೆ ಛತ್ರಿ ಹಿಡಿದು ಕೂರುವ ಅಲ್ಮಾಸಳದು. ಅವನು ಹೊಳೆಯನ್ನು ಕೈಕಾಲಿನಿಂದ ನೋಡಿದವನು. ಇವಳು ನೋಡಿದ್ದು ಬೆರಳುಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ. ಯಾರಾದರೂ ನೀರಿಗೆ ಬಿದ್ದು ಸಿಗದೇ ಹೋದರೆ ಫೋನು ಮೊದಲು ಅವನಿಗೆ, ಆಮೇಲೆ ಇವಳಿಗೆ ಬರುತ್ತದೆ. ಫೋನು ಬಂದಾಗಲೆಲ್ಲ ಇವಳು ಮೊದಲು ಕ್ಯಾಮೆರಾದ ಲೆನ್ಸನ್ನು ಬೆರಳಿನಿಂದ ತಡವಿ, ಅದರ ಮೇಲೆ ಏನೂ ಇಲ್ಲವೆಂದು ನೋಡಿಕೊಳ್ಳುತ್ತಾಳೆ. ಯಾಕೆ ಹಾಗೆ ಮಾಡುತ್ತಾಳೆ ಎಂಬುದು ಒಂದು ವರ್ಷ ಅವಳೊಬ್ಬಳಿಗೇ ಗೊತ್ತಿತ್ತು.

ಅವಳ ತಂದೆ ನಸೀರುದ್ದೀನ ಸುರಪುರದ ಹಳೆಯ ಫೋಟೋಗ್ರಾಫರ್. ಈಗಿಲ್ಲ. ಅವರ ಸ್ಟುಡಿಯೋದ ಪರದೆಯ ಮೇಲೆ ಒಂದು ನೀಲಿ ಸರೋವರ, ಎರಡು ಹಂಸ. ಆ ಹಂಸಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮದುಮಕ್ಕಳು ಆ ಕಾಲದಲ್ಲಿ ಊರೊಳಗೆ ಇರಲಿಲ್ಲ. ನಸೀರುದ್ದೀನ ಮೆತ್ತನೆಯ ಮನುಷ್ಯ, ಆದರೆ ಒಂದು ವಿಷಯದಲ್ಲಿ ಮಾತ್ರ ಕಬ್ಬಿಣ. ತೆಗೆದ ಚಿತ್ರ ತೆಗೆದವನದಲ್ಲ ಎನ್ನುತ್ತಿದ್ದರು. ಅದು ಅಮಾನತು, ಇನ್ನೊಬ್ಬರ ವಸ್ತು ಕಾಪಾಡಿ ಕೊಡಲೆಂದು ನಮ್ಮ ಕೈಯಲ್ಲಿ ಇಟ್ಟದ್ದು. ಯಾರ ಮನೆಯ ಚಿತ್ರವೋ ಆ ಮನೆಯವರು ನೋಡುವ ತನಕ ಅದನ್ನು ಬೇರೆಯವರಿಗೆ ತೋರಿಸುವಂತಿಲ್ಲ, ಅಳಿಸುವಂತೆಯೂ ಇಲ್ಲ. ಗಂಡು ಓಡಿಹೋಗಿ ಮುರಿದುಬಿದ್ದ ಒಂದು ಮದುವೆಯ ನೆಗೆಟಿವ್ ಇಪ್ಪತ್ತು ವರ್ಷ ಅವರ ಕಬಾಟಿನಲ್ಲಿತ್ತು. ಕೊನೆಗೂ ಅದನ್ನು ಕೇಳಿಕೊಂಡು ಆ ಹೆಣ್ಣುಮಗಳೇ ಬಂದಳು.

ಈ ಕಟ್ಟುನಿಟ್ಟೇ ಅಲ್ಮಾಸಳಿಗೆ ಅನ್ನ ಕೊಟ್ಟಿತು. ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕಡೆಯ ವಿಡಿಯೋ ತೆಗೆಯಲು ಗಂಡಸರು ಒಳಗೆ ಹೋಗುವಂತಿಲ್ಲ. ಶಹಾಪುರದಿಂದ, ಯಾದಗಿರಿಯಿಂದ, ಗುರುಮಠಕಲ್ಲಿನಿಂದ ಅವಳಿಗೆ ಕರೆ ಬರುತ್ತಿತ್ತು, ಹೆಸರಾದ ಮೇಲೆ ಬೇರೆಯವರ ಮದುವೆಗಳಿಗೂ. ಒಬ್ಬಳೇ ತೆಗೆಯುವಳು, ಬಾಗಿಲು ಹಾಕಿಕೊಂಡು ಒಬ್ಬಳೇ ಕತ್ತರಿಸಿ ಜೋಡಿಸುವಳು. ಕೆಲಸ ಚೊಕ್ಕಟ, ಬಾಯಿ ಹರಿತ. ಚಿತ್ರದಲ್ಲಿ ಕಾಳು ಬಿದ್ದರೆ ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕಷ್ಟು ಸಿಟ್ಟು. ಕಾಳು ಅಂದರೆ ಬೆಳಕು ಸಾಲದಿದ್ದಾಗ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುವ ಚುಕ್ಕೆಗಳು. ಬೇರೆ ಸ್ಟುಡಿಯೋದವರ ವಿಡಿಯೋ ನೋಡಿ, 'ಇದೇನ್ ಮದಿವಿನೋ ಉಪ್ಪಿಟ್ಟೋ' ಎಂದು ಎದುರಿಗೇ ಕೇಳುವ ಹೆಣ್ಣು ಅವಳು.

ಮದುಮಗನ ಕಾರಿನ ಮೂತಿಗೆ ಅಂಟಿಸಲೆಂದು ಅವಳು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಆ್ಯಕ್ಷನ್ ಕ್ಯಾಮೆರಾ ಕೊಂಡಿದ್ದಳು. ಅದು ನೀರಿಗೂ ಹೆದರುವುದಿಲ್ಲ ಎಂಬ ಸುದ್ದಿ ಕಕ್ಕೇರಾದ ಕಡೆಯ ಹೊಳೆದಂಡೆಯ ಹಣಮಂತ್ರಾಯನ ಕಿವಿಗೆ ಬಿತ್ತು. ಅವನದು ಹೊಳೆಯಲ್ಲಿ ಮುಳುಗಿ ಪಂಪುಗಳ ಬಾಯಿಗೆ ಸಿಕ್ಕ ಕಸ ಬಿಡಿಸುವ ಕೆಲಸ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ದಂಡೆಯ ಮೇಲೆ ಗುಡುಗುಡು ಎನ್ನುತ್ತಿದ್ದರೆ, ಅದರ ಪೈಪು ಹಲ್ಲಿನಲ್ಲಿ ಕಚ್ಚಿಕೊಂಡು ಇವನು ಕೆಳಗಿಳಿಯುತ್ತಿದ್ದ. ಈಗೀಗ ಗುತ್ತಿಗೆದಾರರು ಕಸ ತೆಗೆದದ್ದಕ್ಕೆ ಸಾಕ್ಷಿ ಕೇಳತೊಡಗಿದ್ದರು.

'ನಾ ತೆಗ್ದೇನಿ ಅಂದ್ರ ನಂಬವಲ್ರು. ನೀರಾಗಿನ ವಿಡಿಯೋ ಬೇಕಂತ' ಎಂದು ಅವನು ಹಂಸಗಳ ಮುಂದೆ ನಿಂತು ಹೇಳಿದ. 'ನಿನ್ನ ಡಬ್ಬಿ ಕೊಡ್ತೀಯೇನ ತಂಗೀ?'

'ಡಬ್ಬಿ ಕೊಡ್ತೇನಿ. ಆದ್ರ ಡಬ್ಬಿ ಜೋಡಿ ನಾನೂ ಬರ್ತೇನಿ' ಅಂದಳು ಅಲ್ಮಾಸ. ಸಾಮಾನು ಒಬ್ಬರ ಕೈಗೆ ಬಿಟ್ಟು ಮನೆಯಲ್ಲಿ ಕೂರುವ ಜಾಯಮಾನ ಅವಳದಲ್ಲ.

ಅವಳು ಕಲಿತ ರೀತಿ ನೋಡಬೇಕಿತ್ತು. ಹೊಳೆಯ ನೀರು ತರಿಸಿ ಹಿತ್ತಲಿನ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿದಳು. ತಾಯಿ ಮಕ್ತುಂಬಿಯ ಹಳೆಯ ಬಳೆಗಳನ್ನು ಕೆಂಪು, ಹಸಿರು, ನೀಲಿ ಆರಿಸಿ ಒಳಗೆ ಹಾಕಿದಳು. ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಇಳಿಸಿ ಮೂರು ದಿನ ಕುಳಿತಳು. ಬಣ್ಣವನ್ನು ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಅದು ಗಳಿಗೆಗೊಮ್ಮೆ ಮನಸ್ಸು ಬದಲಿಸುತ್ತದೆ, ಆದ್ದರಿಂದ ವೈಟ್ ಬ್ಯಾಲೆನ್ಸನ್ನು ಒಂದೇ ಕಡೆ ಬಿಗಿಯಬೇಕು. ಸೆಕೆಂಡಿಗೆ ಅರವತ್ತು ಫ್ರೇಮು ಕೇಳಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆ, ಮಬ್ಬು ನೀರಿಗೆ ಮೂವತ್ತೇ ಸರಿ. ಕತ್ತಲಲ್ಲಿ ಕಣ್ಣು ಎಷ್ಟು ಅರಳಬೇಕು ಎಂದು ಹೇಳುವ ಐಎಸ್ಓ ಎಂಬ ಅಂಕಿಯನ್ನು ಮೇಲೆ ಬಿಡಬೇಕು. ಕಾಳು ಬರುತ್ತದೆ, ಬರಲಿ. ಬ್ಯಾಟರಿ ದೀಪವನ್ನು ಲೆನ್ಸಿನ ಪಕ್ಕದಲ್ಲೇ ಹಿಡಿದರೆ ಎದುರಿನ ಕೆಸರಿನ ಕಣಗಳೇ ಹೊಳೆದು ಕಣ್ಣು ಕುಕ್ಕುತ್ತವೆ, ಮೊಳ ದೂರ ಹಿಡಿಯಬೇಕು. ಇದೆಲ್ಲ ಯಾರೂ ಹೇಳಿಕೊಡದೆ ಅವಳು ಡ್ರಮ್ಮಿನಿಂದ ಕಲಿತದ್ದು. ಕಲಿತೂ ಮರೆತಳು ಎಂದರೆ ಸುಳ್ಳಾಗುತ್ತದೆ. ಕಲಿತೂ ಕೈಬಿಟ್ಟಳು.

ಯಾಕೆಂದರೆ ಮೊದಲ ವಿಡಿಯೋ ನೋಡಿ ಒಬ್ಬ ಎಂಜಿನಿಯರು ನಕ್ಕುಬಿಟ್ಟ. 'ಏನ್ರೀ ಇದು, ಕೆಸರಾಗ ಕಡ್ಲಿಹಿಟ್ಟ ಕಲಿಸಿದಂಗ ಅದ' ಅಂದ. ಬೇರೆಯವರ ಮದುವೆಯನ್ನು ಉಪ್ಪಿಟ್ಟು ಅಂದವಳಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ರೋಷಕ್ಕೆ ಬಿದ್ದು ಸಮುದ್ರದಲ್ಲಿ ಮುಳುಗುವವರ ವಿಡಿಯೋಗಳನ್ನು ನೋಡತೊಡಗಿದಳು. ನೀರಿನ ಆಳದಲ್ಲಿ ಮೊದಲು ಸಾಯುವ ಬಣ್ಣ ಕೆಂಪು, ಅದಕ್ಕೇ ಅವರು ಲೆನ್ಸಿನ ಮೇಲೆ ಕೆಂಪು ಗಾಜಿನ ಫಿಲ್ಟರು ಹಾಕುತ್ತಾರೆ. ನೀಲಿಯನ್ನು ತಡೆದು ಸತ್ತ ಕೆಂಪನ್ನು ಅದು ಎಬ್ಬಿಸುತ್ತದೆ. ಐಎಸ್ಓ ನಾನೂರರ ಮೇಲೆ ಹೋಗಗೊಡಬೇಡಿ, ಫ್ರೇಮು ಅರವತ್ತೇ ಇರಲಿ, ಚಿತ್ರ ಹಾಲಿನಂತೆ ನುಣ್ಣಗೆ ಬರುತ್ತದೆ ಎಂದು ಆ ಪಂಡಿತರು ಹೇಳಿದರು. ಅವರ ಸಮುದ್ರ ಗಾಜಿನಂತೆ ತಿಳಿ, ಮೇಲೆ ಸೂರ್ಯ ನೆತ್ತಿಯಲ್ಲಿ. ಆ ಫಿಲ್ಟರು ಪುಕ್ಕಟೆ ದುಡಿಯುವುದಿಲ್ಲ, ಬಂದ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ತಾನೇ ನುಂಗುತ್ತದೆ ಎಂಬುದನ್ನೂ ಅವರು ಹೇಳಿದ್ದರು. ಅಲ್ಮಾಸ ಅದನ್ನೂ ಕೇಳಿಸಿಕೊಂಡಿದ್ದಳು.

ಗಾಜು ಅಂಚೆಯಲ್ಲಿ ಬಂತು. ಚಳಿಗಾಲದಲ್ಲಿ ಕಾಲುವೆಯ ನೀರು ತಿಳಿಯಾಗಿದ್ದಾಗ ಹಣಮಂತ್ರಾಯನನ್ನು ಇಳಿಸಿ ಒಂದು ವಿಡಿಯೋ ತೆಗೆಸಿದಳು. ಅದು ಬಂದದ್ದು ನೋಡಿದರೆ! ಅವನ ಕೈಯ ಚರ್ಮ ಗೋಧಿಬಣ್ಣ, ಕಲ್ಲಿನ ಪಾಚಿ ರೇಷ್ಮೆ, ಮೀನುಗಳ ಹೊಟ್ಟೆ ಬೆಳ್ಳಿ. ಅದು ಫೋನಿಂದ ಫೋನಿಗೆ ಹಾರಿ ಮೂರು ತಾಲ್ಲೂಕು ಸುತ್ತಿತು. ಕಡೇಚೂರಿನ ಕಾರ್ಖಾನೆಯ ಹುಡುಗರೂ ನೋಡಿದರಂತೆ. ಅವತ್ತಿನಿಂದ ಅವಳು ಗಾಜು ತೆಗೆಯಲಿಲ್ಲ, ಅಂಕಿ ಬದಲಿಸಲಿಲ್ಲ.

ಹಣಮಂತ್ರಾಯನಿಗೆ ಇನ್ನೊಂದು ಕೆಲಸವಿತ್ತು, ಅದನ್ನು ಅವನು ಕೆಲಸ ಅನ್ನುತ್ತಿರಲಿಲ್ಲ. ಮುಳುಗಿ ಸತ್ತವರನ್ನು ಮೇಲೆ ತರುವುದು. ಅವನ ಅಪ್ಪನಿಂದ ಬಂದ ಒಂದು ಪದ್ಧತಿಯಿತ್ತು. ಸತ್ತವರನ್ನು ಹೆಸರು ಹಿಡಿದು ಕರೆಯದೆ ಮುಟ್ಟಬಾರದು. ಬಾಯಲ್ಲಿ ಪೈಪು ಇದ್ದರೂ ನೀರೊಳಗೆ ಗುಂಯ್ಗುಡುತ್ತ ಕರೆಯುತ್ತಿದ್ದ. ಇಂಥವನೇ, ನಡಿ, ಮನೆಗೆ ಹೋಗೋಣ. ಕರೆಯುತ್ತ ಕಾಲಿನಿಂದ ತಳ ತಡವುತ್ತ, ಕೈಯಿಂದ ಬೇರುಗಳ ಸಂದು ಹುಡುಕುತ್ತ ಹೋಗುವುದು. ಕ್ಯಾಮೆರಾ ಬಂದ ಮೇಲೆ ಮುಳ್ಳಿನ ಜಾಗಗಳಿಗೆ ಕೈಯ ಬದಲು ಕೋಲು ತೂರಿಸುವುದು ರೂಢಿಯಾಯಿತು. ಮೇಲೆ ಬಂದಾಗ ಅಲ್ಮಾಸ ನೋಡಿ ಹೇಳುವಳು, ಇದೆ ಅಥವಾ ಇಲ್ಲ. ಒಮ್ಮೆ ಮುದುಕನೊಬ್ಬ, ಒಮ್ಮೆ ಬಟ್ಟೆ ಒಗೆಯಲು ಹೋಗಿದ್ದ ಹೆಂಗಸೊಬ್ಬಳು ಸಿಕ್ಕಿದ್ದರು. ಎರಡು ಸಲವೂ ಬೇಸಗೆ, ನೀರು ತಿಳಿ.

ಹೋದ ವರ್ಷ ಭಾದ್ರಪದದಲ್ಲಿ ಬಾಲರಾಜ ಮುಳುಗಿದ. ಇಪ್ಪತ್ತನಾಲ್ಕು ವರ್ಷ, ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ. ರಜೆಗೆ ಊರಿಗೆ ಬಂದವನು ತಂದೆ ದೇವಿಂದ್ರನ ಪಂಪಿನ ಬಾಯಿಗೆ ಜೊಂಡು ಸಿಕ್ಕಿದೆಯೆಂದು ನೀರಿಗಿಳಿದ, ಮೇಲೆ ಬರಲಿಲ್ಲ. ಹೊಳೆ ತುಂಬಿ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಎರಡನೆಯ ದಿನ ಬೆಳಗ್ಗೆ ದಂಡೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಅಲ್ಮಾಸ ಲೆನ್ಸು ಒರೆಸುತ್ತ ನೀರು ನೋಡಿದಳು. ಮೊಳದಾಚೆ ಏನೂ ಕಾಣದ ನೀರು. ಬೆರಳು ತಾನಾಗಿ ಗಾಜಿನ ಅಂಚಿಗೆ ಹೋಯಿತು. ಎರಡು ಸುತ್ತು ತಿರುಗಿಸಿದರೆ ಅದು ಬಿಚ್ಚಿ ಕೈಗೆ ಬರುತ್ತಿತ್ತು. ಇದನ್ನು ಮರೆಯಬಾರದು. ಅವಳ ಬೆರಳು ಆ ಗಾಜಿನ ಮೇಲಿತ್ತು.

ಅಷ್ಟರಲ್ಲಿ ಮೈಕು ಹಿಡಿದ ಒಬ್ಬ ಚಾನೆಲ್ಲಿನವನು ಬಂದ. 'ಮೇಡಂ, ಕಾಲುವಿ ವಿಡಿಯೋ ನಿಮ್ದೇ ಅಲ್ರೀ? ಇದೂ ಹಂಗೇ ಚಂದ ಬರ್ತದಲ್ರೀ? ನಮಗೊಂದ್ ಕಾಪಿ ಕೊಡ್ರಿ.'

'ಮೊದಲ ಮನಿಯವರಿಗೆ. ಆಮ್ಯಾಗ ಕೇಳ್ರಿ' ಅಂದಳು ಅವಳು ಬಿರುಸಾಗಿ. ಹೇಳಿದ್ದು ಅಪ್ಪನ ಮಾತೇ. ಆದರೆ ಬೆರಳು ಗಾಜಿನಿಂದ ಹಿಂದೆ ಬಂದಿತ್ತು. ಗಾಜು ತೆಗೆದರೆ ಅಂಕಿಗಳನ್ನೂ ಬದಲಿಸಬೇಕು, ಬದಲಿಸಿದರೆ ಕಾಳು, ಕೆಸರು, ಕಡಲೆಹಿಟ್ಟು. ನಾಲ್ಕು ಜನ ನೋಡುವ ಚಿತ್ರ. ಅವಳು ಕ್ಯಾಮೆರಾವನ್ನು ಹಾಗೇ ಕೋಲಿಗೆ ಕಟ್ಟಿದಳು.

ಹಣಮಂತ್ರಾಯ ಮೂರು ಸಲ ಮುಳುಗಿ ಬಂದ. ನಾಲ್ಕನೆಯ ಸಲ, ಮುಳುಗಡೆಯಾಗಿ ನಿಂತಿದ್ದ ಜಾಲಿಯ ಬುಡದೊಳಗೆ ಕೋಲು ತೂರಿಸಿ ತೆಗೆದು ತಂದ. ಅಲ್ಮಾಸ ಛತ್ರಿಯ ನೆರಳಲ್ಲಿ ಪುಟ್ಟ ಪರದೆಯ ಮೇಲೆ ಅದನ್ನು ಓಡಿಸಿದಳು. ಬಿಸಿಲಿಗೆ ಪರದೆಯಲ್ಲಿ ಕಾಣುತ್ತಿದ್ದದ್ದು ಹೆಚ್ಚಾಗಿ ಅವಳ ಮುಖವೇ. ಒಳಗೆ ಕಪ್ಪು. ಕಪ್ಪಿನಲ್ಲಿ ಒಂದು ಕೆಂಪು ಚುಕ್ಕೆ ಮಿಣುಕಿ ಹೋಯಿತು. ಅವಳು ಅದನ್ನು ಕಾಳು ಅಂದುಕೊಂಡಳು.

ಬೆನ್ನ ಹಿಂದೆ ಬಾಲರಾಜನ ತಾಯಿ ಮಲ್ಲಿಕಮ್ಮ ಕುಳಿತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದ ಹೆಂಗಸು, ಎದುರಿಗಿದ್ದವರನ್ನು ದನಿಯಿಂದ ಗುರುತಿಸುವವಳು. 'ಏನರ ಕಾಣಾಕತ್ತದೇನವ್ವಾ?' ಎಂದು ಕೇಳಿದಳು.

'ಇಲ್ಲವ್ವಾ. ಏನೂ ಇಲ್ಲ. ಬರೇ ನೀರ ಅದ.'

ಹಣಮಂತ್ರಾಯ ಸೊಂಟದ ತನಕ ನೀರಿನಲ್ಲಿ ನಿಂತಿದ್ದ. 'ಆ ಜಾಲಿ ಬುಡಕ್ಕ ಒಮ್ಮಿ ಕೈ ಹಾಕಿ ನೋಡ್ಲೇನು? ಮುಳ್ಳ ಭಾಳ ಅದಾವ, ಆದ್ರೂ...'

'ಬ್ಯಾಡ. ಅಲ್ಲಿ ಏನಿಲ್ಲ. ಮುಂದಕ್ಕ ನಡಿ' ಅಂದಳು ಅಲ್ಮಾಸ. ಅವನು ಮುಂದಕ್ಕೆ ಹೋದ.

ಒಂಬತ್ತನೆಯ ದಿನ ಮೇಲಿನಿಂದ ಬಿಡುವ ನೀರು ತಗ್ಗಿತು. ಎಮ್ಮೆ ಮೇಯಿಸುವವನೊಬ್ಬ ಜಾಲಿಯ ಬುಡದಲ್ಲಿ ಅಂಗಿಯ ತುದಿ ಕಂಡ. ಅದೇ ಜಾಲಿ. ಬಾಲರಾಜ ಅಂತ ಗುರುತು ಹಿಡಿದದ್ದು ಬಲಗೈಯ ಕೆಂಪು ದಾರದಿಂದ. ತಿಂಥಣಿಯ ಜಾತ್ರೆಗೆ ಹೋದಾಗ ಮಲ್ಲಿಕಮ್ಮನೇ ಕಟ್ಟಿಸಿದ್ದಳು. ಆ ಕಡೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಮುಖ ತೊಳೆದು, ತಾಯಿಯೋ ಹೆಂಡತಿಯೋ ತಲೆ ಬಾಚಿ, ಬಂದವರೆಲ್ಲ ಒಮ್ಮೆ ಮುಖ ನೋಡಿ ಹೋಗುವುದು ಪದ್ಧತಿ. ಬಾಲರಾಜನನ್ನು ಕೂರಿಸುವಂತಿರಲಿಲ್ಲ. ತೊಳೆಯಲು ಮುಖವೇ ಉಳಿದಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಗ್ಗ ಬಿಗಿದು ದಂಡೆಯಿಂದಲೇ ಮಣ್ಣಿಗೆ ಒಯ್ದರು. 'ಮಾರಿ ತೋರಿಸ್ರೋ, ನಾ ಹ್ಯಾಂಗೂ ಕುರುಡಿ, ಕೈಲೆ ಮುಟ್ಟಿ ನೋಡ್ತೇನಿ' ಎಂದು ಮಲ್ಲಿಕಮ್ಮ ಗೋಗರೆದಳು. ನಾಲ್ಕು ಹೆಂಗಸರು ಅವಳ ಕೈ ಹಿಡಿದು ನಿಲ್ಲಿಸಿದರು. ಆ ನಾಲ್ವರಲ್ಲಿ ಅಲ್ಮಾಸಳೂ ಒಬ್ಬಳು.

ಮೂರು ದಿನ ಬಿಟ್ಟು ಅವಳು ಸ್ಟುಡಿಯೋದ ಬಾಗಿಲು ಹಾಕಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ನಾಲ್ಕನೆಯ ಮುಳುಗು. ಏಳು ನಿಮಿಷ ಹನ್ನೆರಡು ಸೆಕೆಂಡಿಗೆ ಆ ಚುಕ್ಕೆ ಬಂತು. ನಿಲ್ಲಿಸಿ ಬೆಳಕಿನ ಗುಂಡಿಯನ್ನು ಮೇಲಕ್ಕೆ ಎಳೆದಳು. ಕಪ್ಪು ಬೂದಿಯಾಯಿತು, ಬೂದಿಯಲ್ಲಿ ರವೆ ಎದ್ದಿತು. ಇನ್ನೂ ಎಳೆದಳು. ಚುಕ್ಕೆಯಿದ್ದಲ್ಲಿ ದಾರ, ದಾರವಿದ್ದಲ್ಲಿ ಮಣಿಕಟ್ಟು, ಮಣಿಕಟ್ಟಿನ ಮೇಲೆ ಗದ್ದ. ಬೇರಿನ ಮೇಲೆ ತಲೆಯಿಟ್ಟು ಬಾಲರಾಜ ಒರಗಿದ್ದ. ಕಣ್ಣು ಮುಚ್ಚಿತ್ತು. ಕೂದಲು ನಿಧಾನಕ್ಕೆ ಆಡುತ್ತಿತ್ತು. ಮುಖ ಇಡಿಯಾಗಿ ಇತ್ತು. ಎರಡು ಸೆಕೆಂಡು, ಅಷ್ಟೇ. ಕ್ಯಾಮೆರಾ ಪಕ್ಕಕ್ಕೆ ಹೊರಳಿತು.

ಇದಕ್ಕಿಂತ ಕೆಟ್ಟದ್ದು ಶಬ್ದ. ಗುಳ್ಳೆಗಳ ಗದ್ದಲದ ನಡುವೆ, ಗೋಡೆಯಾಚೆ ಯಾರೋ ಜೋಗುಳ ಹಾಡಿದ ಹಾಗೆ, ಹಣಮಂತ್ರಾಯನ ಗುಂಯ್ ಎನ್ನುವ ದನಿ. ಬಾಲರಾಜಾ, ನಡಿ ತಮ್ಮಾ. ಕರೆದವನ ಕೋಲಿನ ಮುಂದೆ, ಒಂದು ಮೊಳದಲ್ಲಿ, ಕರೆಸಿಕೊಂಡವನು ಮಲಗಿದ್ದ. ಕರೆಯುತ್ತಲೇ ಅವನನ್ನು ದಾಟಿ ಹೋಗಿದ್ದರು.

ಅಂದಿನಿಂದ ಅವಳಿಗೆ ನೆಮ್ಮದಿ ಎಂಬುದಿಲ್ಲ. ಮಕ್ತುಂಬಿ ಮಿಕ್ಸರ್ ಹಾಕಿದರೆ ಅದರೊಳಗೆ ಆ ದನಿ. ಮದುವೆಯ ವಿಡಿಯೋದಲ್ಲಿ ದೂರದ ಕೆಂಪು ಬಲ್ಬು ಮಿನುಗಿದರೆ ಕೈ ತಾನೇ ನಿಲ್ಲಿಸಿ ಹತ್ತಿರಕ್ಕೆ ಎಳೆದು ನೋಡುತ್ತದೆ. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ನಡುವೆ ಪರದೆ ಗಳಿಗೆ ಹೊತ್ತು ಕಪ್ಪಾಗುವುದು ಎಲ್ಲರ ವಿಡಿಯೋದಲ್ಲೂ ಉಂಟು. ಅವಳ ವಿಡಿಯೋಗಳಲ್ಲಿ ಅದು ನಿಂತುಹೋಯಿತು. ಕಪ್ಪು ಕಂಡರೆ ಅದರ ಬೆಳಕು ಏರಿಸದೆ ಅವಳಿಂದ ಇರಲಾಗುತ್ತಿರಲಿಲ್ಲ. ಏರಿಸಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಏನೂ ಇಲ್ಲ ಎಂಬುದನ್ನು ಮಾತ್ರ ಅವಳು ನಂಬದಾಗಿದ್ದಳು.

ಹಣಮಂತ್ರಾಯನ ಸ್ಥಿತಿ ಬೇರೆ. 'ಆ ಜಾಲಿಗಿ ನಾ ಕೈ ಹಾಕಬೇಕಿತ್ತು ತಂಗೀ. ಮುಳ್ಳಿಗಿ ಅಂಜಿದೆ' ಎಂದು ಒಂದು ದಿನ ತಾನಾಗಿ ಹೇಳಿದ. ಭೀಮೆಯಲ್ಲಿ ಯಾರನ್ನೋ ಹುಡುಕಿ ಯಾದಗಿರಿಯಿಂದ ಬರುವ ಬಸ್ಸಿನಲ್ಲಿ. ಅವಳು ಕಿಟಕಿಯ ಹೊರಗೆ ನೋಡಿದಳು. ಅಂಜಿದ್ದು ನೀನಲ್ಲ ಎಂದು ಹೇಳುವುದಕ್ಕೆ ಶಹಾಪುರ ಬರುವ ತನಕ ಹೊತ್ತಿತ್ತು. ಹೇಳಲಿಲ್ಲ. ತನ್ನ ಮೇಲೆ ತನಗೇ ಅಷ್ಟು ಹೇಸಿಗೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಅಳಿಸಿಬಿಡಬಹುದಿತ್ತು. ಎರಡು ಸೆಕೆಂಡಿನ ಚಿತ್ರ, ಒಂದು ಗುಂಡಿ. ಎಷ್ಟೋ ಸಲ ಬೆರಳು ಅಲ್ಲಿತನಕ ಹೋಯಿತು. ಮನೆಯವರು ನೋಡದೆ ಅಳಿಸುವಂತಿಲ್ಲ ಎಂದು ಅಪ್ಪನ ಮಾತು ಅಡ್ಡ ಬರುತ್ತಿತ್ತು. ತೋರಿಸೋಣವೆಂದರೆ ಅದು ಎರಡನೆಯ ದಿನದ ಚಿತ್ರ. ಮಗನ ಮುಖ ಕೊಡುವುದೂ ಒಂದೇ, ಆ ಮುಖವನ್ನು ಏಳು ದಿನ ನೀರಿಗೆ ಬಿಟ್ಟವಳು ನಾನೇ ಎಂದು ಒಪ್ಪುವುದೂ ಒಂದೇ. ಹಾಗಾಗಿ ಅಲ್ಬಮ್ಮುಗಳ ಅಂಚಿನ ಹೂಬಳ್ಳಿಗಳನ್ನು ಇಡುವ ಫೋಲ್ಡರಿನಲ್ಲಿ 'ಬಾರ್ಡರ್ ಡಿಸೈನ್ ನಾಲ್ಕು' ಎಂಬ ಹೆಸರಿಟ್ಟು ಅದನ್ನು ಹುದುಗಿಸಿದಳು. ಹೊಳೆಯ ಜಾಲಿಯಿಂದ ತೆಗೆದು ಮತ್ತೊಂದು ಕಡೆ ಸಿಕ್ಕಿಸಿದ ಹಾಗಾಯಿತು.

ವರ್ಷದ ಕಾರ್ಯ ಹತ್ತಿರ ಬಂದಾಗ, ಒಂದು ಮಧ್ಯಾಹ್ನ, ಮಲ್ಲಿಕಮ್ಮ ಬಾಗಿಲ ಚೌಕಟ್ಟು ತಡವುತ್ತ ಸ್ಟುಡಿಯೋ ಒಳಗೆ ಬಂದಳು. ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಸೆರಗಿನ ಗಂಟಿನಿಂದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಕಾರ್ಖಾನೆಯ ಗುರುತಿನ ಚೀಟಿಯದು.

'ಇದನ್ನ ದೊಡ್ಡದ ಮಾಡಸ್ರಿ ಅಂದ್ರು ಮನ್ಯಾಗ. ಆದ್ರ ಇದರಾಗ ನನ್ನ ಮಗ ಇಲ್ಲಂತ ಯವ್ವಾ. ಮೀಸಿ ಬೋಳಿಸ್ಯಾರ, ತಲಿಮ್ಯಾಗ ಟೊಪಗಿ ಹಾಕ್ಯಾರ. ಬ್ಯಾರೆ ಯಾರೋ ಕಂಡಂಗ ಕಾಣ್ತದಂತ. ಗೆಳ್ಯಾರ ಮದಿವಿಗಿ ಹೋಗ್ತಿದ್ದ ಅವ. ನಿನ್ನ ವಿಡಿಯೋದಾಗ ಎಲ್ಯರ ಮೂಲ್ಯಾಗರ ನಿಂತಿರಬೇಕು. ಹುಡುಕಿ ಕೊಡ್ತೀಯೇನು? ಕಡೀಕ ಮಾರಿ ನೋಡ್ಲಿಲ್ಲ ನಾನು. ಜನರರ ನೋಡ್ಲಿ.'

'ಕೂಡ್ರಿ' ಅಂದಳು ಅಲ್ಮಾಸ. ಅವಳ ಮುಂದೆ ಸಲೀಸಾದ ದಾರಿಯೊಂದು ತೆರೆದಿತ್ತು. ಮದುವೆಯ ಫೋಲ್ಡರು ತೆರೆದಳು. ಅವಳಿಗೆ ಗೊತ್ತಿತ್ತು, ಹೋದ ವರ್ಷ ದೋರನಹಳ್ಳಿಯ ಒಂದು ಮದುವೆಯ ಊಟದ ಸಾಲಿನಲ್ಲಿ ಅವನಿದ್ದ, ಮೀಸೆಯೂ ಇತ್ತು, ನಗುವೂ ಇತ್ತು. ಹತ್ತು ನಿಮಿಷದಲ್ಲಿ ಕತ್ತರಿಸಿ ಚೌಕಟ್ಟು ಹಾಕಿ ಕೊಟ್ಟು ಕಳಿಸಬಹುದಿತ್ತು. ಮುದುಕಿ ಹರಸಿ ಹೋಗುತ್ತಿದ್ದಳು. ಆ ಹರಕೆಯನ್ನು ನೆನೆದೇ ಅಲ್ಮಾಸ ಮದುವೆಯ ಫೋಲ್ಡರು ಮುಚ್ಚಿದಳು. ಅದನ್ನು ತೆಗೆದುಕೊಂಡು ಬದುಕಲಾಗದು ಎನ್ನಿಸಿತು.

ಅವಳು ಎದ್ದು ಶಟರನ್ನು ಅರ್ಧಕ್ಕೆ ಎಳೆದಳು. ಬಂದು ಮಲ್ಲಿಕಮ್ಮನ ಎದುರಿಗೆ ನೆಲದ ಮೇಲೆ ಕುಳಿತಳು.

'ಅವ್ವಾ, ಹೊಳಿದಂಡಿಮ್ಯಾಗ ನೀವು ಕೇಳಿದಾಗ ಬರೇ ನೀರ ಅದ ಅಂತ ಅಂದಿದ್ದೆ. ನೀರಲ್ಲ ಅದು. ಬಾಲರಾಜ ಇದ್ದ. ನನ್ನ ಡಬ್ಯಾಗ ಬಂದಿದ್ದ. ನನಗ ಕಾಣ್ಲಿಲ್ಲ.'

ಅಲ್ಮಾಸ ಎಲ್ಲವನ್ನೂ ಹೇಳಿದಳು. ಗಾಜು, ಅಂಕಿ, ಮೈಕಿನವನು, ಗಾಜಿನ ಮೇಲಿದ್ದ ಬೆರಳು, ಹಣಮಂತ್ರಾಯನಿಗೆ ಬೇಡ ಅಂದದ್ದು, ಮುಳ್ಳಿಗೆ ಅಂಜಿದೆ ಎಂದು ಅವನು ಬಸ್ಸಿನಲ್ಲಿ ಹೇಳಿದ್ದು. ಮೇಜಿನ ಡ್ರಾದಿಂದ ಆ ಕೆಂಪು ಗಾಜನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು. ಮಲ್ಲಿಕಮ್ಮ ಅದರ ಅಂಚನ್ನು ಹೆಬ್ಬೆರಳಿನಿಂದ ಸುತ್ತ ತಡವಿದಳು.

'ಇಷ್ಟ ಗಾಜೇನು?'

'ಹೌದ್ರಿ. ಇಷ್ಟ.'

'ಯಾವ ದಿನದ್ದು ಅದು?'

'ಎರಡನೇ ದಿನದ್ದು. ಹನ್ನೊಂದರ ಹೊತ್ತು.'

'ನಾ ಆಗ ನಿನ್ನ ಬೆನ್ನ ಹಿಂದ ಕುಂತಿದ್ದೆ.'

'ಹೌದು' ಅಂದಳು ಅಲ್ಮಾಸ. ಅವಳಿಗೆ ಅಳು ಬಂತು. ಅಳುವ ಹಕ್ಕು ಇಲ್ಲಿ ತನಗಿಲ್ಲ ಎಂದು ತಡೆದುಕೊಂಡಳು.

ಮಲ್ಲಿಕಮ್ಮ ಗಾಜನ್ನು ಮುಷ್ಟಿಯಲ್ಲಿ ಹಿಡಿದು, 'ಹಚ್ಚು ಅದನ್ನ' ಅಂದಳು.

ಅಲ್ಮಾಸ ಅವಳನ್ನು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ಹೂಬಳ್ಳಿಗಳ ನಡುವಿನಿಂದ ನಾಲ್ಕನೆಯದನ್ನು ತೆಗೆದು ನಿಲ್ಲಿಸಿದಳು. ಮಲ್ಲಿಕಮ್ಮ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. 'ಕತ್ಲಿ ಅದ. ಬೆಳಕ ಮಾಡು.' ಅಲ್ಮಾಸ ಏರಿಸಿದಳು. 'ಇನ್ನೂ ಮಾಡು.' 'ಇನ್ನ ಮಾಡಿದ್ರ ಚಿತ್ರ ಹರಕೊಂತದವ್ವಾ, ಬರೇ ಕಾಳ ಏಳ್ತಾವ.' 'ಏಳ್ಳಿ. ನಿನ್ನ ಚಂದ ತಗೊಂಡ ನಾ ಏನ ಮಾಡ್ಲಿ?'

ಪರದೆ ತುಂಬ ರವೆ ಕುಣಿಯಿತು. ಆ ರವೆಯೊಳಗಿನ ಮುಖ ಅಲ್ಮಾಸಳಿಗೆ ಕಾಣುತ್ತಿತ್ತು. ಪೊರೆ ಕಟ್ಟಿದ ಕಣ್ಣಿಗೆ ಬರೀ ಬೆಳಕು ಕಂಡಿತು. ಮಲ್ಲಿಕಮ್ಮ ಹಿಂದಕ್ಕೆ ಸರಿದು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ದಂಡೆಯ ಮೇಲೆ ಕೇಳಿದ ಅದೇ ದನಿಯಲ್ಲಿ ಕೇಳಿದಳು.

'ನನಗ ಕಾಣವಲ್ದು. ನೀ ನೋಡಿ ಹೇಳು. ಏನರ ಕಾಣಾಕತ್ತದೇನವ್ವಾ?'

ಅಲ್ಮಾಸ ಪರದೆ ನೋಡಿದಳು. 'ಬಾಲರಾಜ ಅದಾನವ್ವಾ.'

'ಹ್ಯಾಂಗ ಅದಾನ?'

'ಒಂದ ಬೇರಿನ ಮ್ಯಾಗ ತಲಿ ಇಟ್ಟಾನ. ಬಲಗೈ ಗದ್ದದ ಕೆಳಗ ಅದ. ದಾರ ಅದ.'

'ಕಣ್ಣು?'

'ಮುಚ್ಚ್ಯಾವ.'

'ತುಟಿ ಬಾಜೂಕ ಒಂದ ಮಚ್ಚಿ ಅದ. ನೋಡು.'

'ಅದರೀ. ಎಡಕ್ಕ.'

'ಹೌದು. ಎಡಕ್ಕ' ಅಂದಳು ಮಲ್ಲಿಕಮ್ಮ. ಅವಳ ಕೈ ತಾನಾಗಿ ಎದ್ದು ಪರದೆಯ ಗಾಜನ್ನು ಮುಟ್ಟಿತು. 'ಅಂಜ್ಯಾನೇನು? ಖರೆ ಹೇಳು.'

ಅಲ್ಮಾಸ ಬೇಗ ಉತ್ತರಿಸಲಿಲ್ಲ. ಒಮ್ಮೆ ಬೇಗ ಉತ್ತರಿಸಿ ಆಗಿತ್ತು. ಎರಡು ಸೆಕೆಂಡುಗಳ ನೂರಿಪ್ಪತ್ತು ಚಿತ್ರಗಳನ್ನು ಒಂದೊಂದಾಗಿ ಮುಂದಕ್ಕೆ ಸರಿಸಿ, ಹುಬ್ಬು ನೋಡಿದಳು, ಹಣೆ ನೋಡಿದಳು, ಬಾಯಿ ನೋಡಿದಳು.

'ಇಲ್ಲವ್ವಾ. ಅಂಜಿಲ್ಲ. ದಣದ ಮಕ್ಕೊಂಡಾನ.'

ಮಲ್ಲಿಕಮ್ಮ ಗಾಜಿನ ಮೇಲೆ ಅಂಗೈ ಸವರಿದಳು, ತಲೆ ಬಾಚುವ ಹಾಗೆ. ಅಲ್ಮಾಸ ಚಿತ್ರವನ್ನು ಓಡಬಿಟ್ಟಾಗ, 'ಆ ಸಪ್ಪಳ ಏನದು?' ಎಂದು ಕೇಳಿದಳು. ಹಣಮಂತ್ರಾಯ ಕರೆಯುತ್ತಿದ್ದಾನೆ ಎಂದು ಅಲ್ಮಾಸ ಹೇಳಿದಳು. ಮನೆಗೆ ನಡಿ ಅನ್ನುತ್ತಿದ್ದಾನೆ. ಮಲ್ಲಿಕಮ್ಮ ಕಿವಿಗೊಟ್ಟು ಕೇಳಿ, 'ಮತ್ತೊಮ್ಮಿ ಹಚ್ಚು. ಮತ್ತೊಮ್ಮಿ ಹೇಳು' ಅಂದಳು. ಬೇರು, ಬಲಗೈ, ದಾರ, ಕಣ್ಣು, ಮಚ್ಚೆ. ಆ ಮಧ್ಯಾಹ್ನ ಅಲ್ಮಾಸ ಅದನ್ನು ಹನ್ನೊಂದು ಸಲ ಹೇಳಿದಳು.

ಕೊನೆಯ ಬಸ್ಸಿನ ಹೊತ್ತಿಗೆ ಮಲ್ಲಿಕಮ್ಮ ಎದ್ದಳು. 'ಜನಕ್ಕ ಇದ ಸಾಕು, ಇದನ್ನ ದೊಡ್ಡದ ಮಾಡು' ಎಂದು ಕಾರ್ಖಾನೆಯ ಫೋಟೋವನ್ನು ಮೇಜಿನ ಮೇಲೇ ಬಿಟ್ಟಳು. ಕೆಂಪು ಗಾಜನ್ನು ಸೆರಗಿಗೆ ಕಟ್ಟಿಕೊಂಡಳು. ಬೈಯಲಿಲ್ಲ, ಹರಸಲೂ ಇಲ್ಲ. ಅಲ್ಮಾಸ ಕೈ ಹಿಡಿಯಲು ಹೋದರೆ ಕೈ ಕೊಡಲಿಲ್ಲ. ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದವಳು ಅಲ್ಲೇ ನಿಂತು, ಒಳಗೆ ನೋಡದೆ ಹೇಳಿದಳು.

'ಹಣಮಂತ್ರಾಯಗ ಫೋನ್ ಹಚ್ಚಿ ಹೇಳು, ಅವ ಮುಳ್ಳಿಗಿ ಅಂಜಿಲ್ಲಂತ. ನಾಳಿ ನಮ್ಮ ಮನ್ಯಾನವ್ರು ಬರ್ತಾರ. ಅವರ ಕಣ್ಣ ಚಲೋ ಅದಾವ, ಎಲ್ಲಾ ಕಾಣ್ತದ. ಆದ್ರೂ ನೀನೇ ಹೇಳು.'